ಭಾವನ ಪೈಪು, ನನ್ನ ಹೊಟ್ಟೆಕಿಚ್ಚು

ನಮ್ಮ ಬೈಂಡಿಂಗ್ ಕಾರ್ಖಾನೆಯ ಗೋಡೆಗೆ ಭಾವನ ಫೋಟೊ ಹಾಕುತ್ತಾರಂತೆ. ಕೆಳಗೆ ಅಂಟಿಸಲು ಅವರ ಜೀವನದ ಬಗ್ಗೆ ನಾಲ್ಕು ಸಾಲು ಬರೆದುಕೊಡಿ, ನಿಮಗಿಂತ ಹತ್ತಿರದವರು ಯಾರಿದ್ದಾರೆ ಎಂದು ನನ್ನನ್ನೇ ಕೇಳಿದರು. ಬರೆದುಕೊಟ್ಟೆ. ಹುಟ್ಟಿದ್ದು, ಕೆಲಸಕ್ಕೆ ಸೇರಿದ್ದು, ತೀರಿಕೊಂಡದ್ದು. ಆ ನಾಲ್ಕು ಸಾಲಿನಲ್ಲಿ ಹಿಡಿಯದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದುವವರು ಒಂದು ವಿಷಯ ಮೊದಲೇ ತಿಳಿದುಕೊಂಡಿರಲಿ: ಭಾವನನ್ನು ಕಂಡರೆ ನನಗೆ ನಲವತ್ತು ವರ್ಷ ಹೊಟ್ಟೆಕಿಚ್ಚು. ಹಾಗಾಗಿ ಇಲ್ಲಿ ಅವರನ್ನು ಹೊಗಳಿದ ಮಾತು ಬಂದರೆ ಅದನ್ನು ಧಾರಾಳವಾಗಿ ನಂಬಬಹುದು.

ನಮ್ಮ ಅಮ್ಮ ತೀರಿಕೊಂಡಾಗ ಅಕ್ಕನಿಗೆ ಹದಿನೇಳು, ನನಗೆ ಒಂಬತ್ತು. ಆಮೇಲೆ ನನ್ನ ತಲೆ ಬಾಚಿದವಳು, ಜ್ವರ ಬಂದರೆ ಪಕ್ಕದಲ್ಲಿ ಕೂತವಳು, ತಪ್ಪು ಮಾಡಿದರೆ ಕಿವಿ ಹಿಂಡಿದವಳು ಎಲ್ಲ ಅವಳೇ. ಐದು ವರ್ಷ ಅಕ್ಕ ನನ್ನೊಬ್ಬನ ಆಸ್ತಿಯಾಗಿದ್ದಳು. ಒಂದು ದಿನ ಅಪ್ಪನ ಹಳೆಯ ನಿಘಂಟಿಗೆ ಹೊಸ ರಟ್ಟು ಹಾಕಿಸಲು ಹೋದವಳು, ನಿಘಂಟಿನ ಜೊತೆ ಬೈಂಡರನನ್ನೂ ಗಟ್ಟಿ ಮಾಡಿಕೊಂಡು ಬಂದಳು. ಆತ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು, "ಇದನ್ನ ಸೋಪಿನ ಜೊತೆ ಪೆಟ್ಟಿಗೇಲಿ ಇಟ್ಟಿದ್ರಿ, ಅದಕ್ಕೂ ಮುಂಚೆ ಅಡುಗೆಮನೇಲಿ ಇತ್ತು" ಎಂದರಂತೆ. ಅಕ್ಕ ಮನೆಗೆ ಬಂದು ಅದನ್ನು ನಾಲ್ಕು ಸಲ ಹೇಳಿದಳು. ಎರಡನೇ ಸಲಕ್ಕೇ ನನ್ನ ಮೈ ಉರಿಯಲು ಶುರುವಾಗಿತ್ತು. ಅದೇ ವರ್ಷ ಆತ ನನಗೆ ಭಾವನಾದರು.

ಭಾವ ಪೈಪು ಸೇದುತ್ತಿದ್ದರು. ಪುಡಿ ತಂಬಾಕಲ್ಲ, ಒತ್ತಿದ ವರ್ಜೀನಿಯಾ ತಂಬಾಕಿನ ಅಚ್ಚು. ಹಡಗಿನಲ್ಲಿ ಬರುತ್ತಿದ್ದ ಮಾಲು, ಊರಿನ ಒಂದೇ ಅಂಗಡಿಯಲ್ಲಿ ಸಿಗುತ್ತಿತ್ತು. ಸೋಪಿನ ಬಿಲ್ಲೆಯಷ್ಟು ದೊಡ್ಡದು, ಕಡುಗಂದು ಬಣ್ಣ, ಮರದ ತುಂಡಿನಷ್ಟು ಗಟ್ಟಿ. ಭಾನುವಾರ ಊಟವಾದ ಮೇಲೆ ಚರ್ಮ ಹೆರೆಯುವ ಚಾಕು ತಗೊಂಡು ಅದರಿಂದ ತೆಳ್ಳಗೆ ಎರಡು ಪದರ ಕೊಯ್ಯುವರು. ಅಂಗೈಯಲ್ಲಿಟ್ಟು ಮೆಲ್ಲಗೆ ಉಜ್ಜುವರು. ಉದುರಿದ್ದು ಕೆಳಗೆ ಬೀಳದಂತೆ ಅಕ್ಕ ತನ್ನ ಅಂಗೈಯನ್ನು ಅವರ ಅಂಗೈ ಕೆಳಗೆ ಹಿಡಿದು ಕೂರುವಳು. ಯಾರೋ ಚೀಟಿ ಬರೆದು ಒಪ್ಪಿಸಿದ ಹಾಗೆ ಅದು ಅವಳದೇ ಕೆಲಸ. ಪೈಪಿಗೆ ಮೂರು ಚಿಟಿಕೆ ತುಂಬುವುದು, ಮೊದಲನೆಯದು ಸಡಿಲ, ಕೊನೆಯದು ಸ್ವಲ್ಪ ಬಿಗಿ. ಒಂದು ಸಲ ಕಡ್ಡಿ ಗೀರಿದರೆ ತಂಬಾಕು ಉಬ್ಬಿ ಮೇಲೇಳುತ್ತದೆ. ಹೆಬ್ಬೆರಳಲ್ಲಿ ಅದನ್ನು ಕೂರಿಸಿ ಮತ್ತೆ ಕಡ್ಡಿ ಗೀರುವುದು. ಆಮೇಲೆ ಬಿಸಿ ಕಾಫಿಯನ್ನು ಗುಟುಕರಿಸಿದ ಹಾಗೆ ಸಣ್ಣ ಸಣ್ಣದಾಗಿ ಹೊಗೆ ಎಳೆಯುವುದು.

"ಮೊದಲು ಒಣಹುಲ್ಲು," ಎನ್ನುವರು ಭಾವ ಕಣ್ಣು ಮುಚ್ಚಿ. "ಆಮೇಲೆ ಜೇನು. ಕೊನೇಲಿ ಒಂಚೂರು ಹುಳಿ."

"ಹೌದು ರೀ, ಜೇನು," ಎನ್ನುವಳು ಅಕ್ಕ, ತಾನೂ ಕಣ್ಣು ಮುಚ್ಚಿ.

ಎದುರಿಗೆ ಕೂತ ನಾನು ಇಬ್ಬರ ಮುಚ್ಚಿದ ಕಣ್ಣುಗಳನ್ನು ನೋಡುತ್ತ ಹಲ್ಲು ಕಡಿಯುತ್ತಿದ್ದೆ. ಇಪ್ಪತ್ತು ತುಂಬಿದ ವರ್ಷ ನಾನೂ ಒಮ್ಮೆ ಅವರ ಪೈಪು ಕೇಳಿ ತಗೊಂಡೆ. ಒಂದೇ ಉಸಿರಿಗೆ ಎಳೆದೆ, ಬಿಡದೆ ಎಳೆದೆ. ನಾಲಿಗೆ ಬೆಂದು ಮೂರು ದಿನ ಊಟ ರುಚಿಸಲಿಲ್ಲ. "ಆತುರಗಾರರ ಬಾಯಿಗೆ ಇದು ಒಗ್ಗಲ್ಲ ಕಣಯ್ಯ" ಎಂದರು ಭಾವ. ಅಕ್ಕ ಕಿಸಕ್ಕನೆ ನಕ್ಕಳು. ಸುಟ್ಟ ನಾಲಿಗೆ ವಾಸಿಯಾಯಿತು.

ನನ್ನನ್ನು ಕಾರ್ಖಾನೆಗೆ ಸೇರಿಸಿದ್ದೂ ಅವರೇ, ಅದು ಇನ್ನೊಂದು ಉರಿ. ಅವರು ಆಗಲೇ ಮುಖ್ಯ ಬೈಂಡರ್. ಕಿಟಕಿಯ ಪಕ್ಕದ ದೊಡ್ಡ ಮೇಜು ಅವರದು. ಅಲ್ಲಿ ಎಲ್ಲರೂ ಅವರನ್ನು ಮೂಗಿನ ಮೇಷ್ಟ್ರು ಎನ್ನುತ್ತಿದ್ದರು. ಚರ್ಮ ಮೂಸಿ ಆಡಿನದೋ ಕುರಿಯದೋ ಹೇಳುವರು. ಹಳೆಯ ಪುಸ್ತಕ ಬಿಚ್ಚುವ ಮೊದಲೇ ಒಳಗೆ ಬೂಷ್ಟು ಎಲ್ಲಿದೆ ಎನ್ನುವರು. ದೂರದೂರದ ಗ್ರಂಥಾಲಯದವರು ಅವರ ಮೂಗನ್ನು ನಂಬಿ ಪುಸ್ತಕ ಕಳಿಸುತ್ತಿದ್ದರು. ನನ್ನ ಕೆಲಸ ಒತ್ತುವುದು. ತಿರುಪಿನ ಪ್ರೆಸ್ಸಿನಲ್ಲಿ ಪುಸ್ತಕಗಳನ್ನು ಹಲಗೆಗಳ ನಡುವೆ ಇಟ್ಟು, ದಿನಕ್ಕಿಷ್ಟು ಎಂದು ತಿರುಪು ಬಿಗಿ ಮಾಡುತ್ತ ಹೋಗಬೇಕು. ಒಂದು ಸುತ್ತು ಹೆಚ್ಚಾದರೆ ಬೆನ್ನು ಬಿರಿಯುತ್ತದೆ, ಕಡಿಮೆಯಾದರೆ ಹಾಳೆ ಸೊಟ್ಟಗಾಗುತ್ತದೆ. ಅದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಆದರೆ ಸರಿಯಾಗಿ ಒತ್ತಿದ ಪುಸ್ತಕ ಸುಮ್ಮನೆ ಮಟ್ಟಸವಾಗಿ ಮಲಗಿರುತ್ತದೆ. ಅದನ್ನು ನೋಡಿ ಆಹಾ ಎಂದವರನ್ನು ನಾನು ಕಂಡಿಲ್ಲ.

ಭಾವನಿಗೆ ಅರವತ್ತಾದ ವರ್ಷ ಎರಡು ಸಂಗತಿ ಒಟ್ಟಿಗೆ ಬಂದವು. ಅವರನ್ನು ದೊಡ್ಡ ಮೇಜಿನಲ್ಲಿ ಮುಂದುವರಿಸುವುದೋ, ಅದನ್ನು ನನಗೆ ಕೊಡುವುದೋ ಎಂದು ಕಾರ್ಖಾನೆಯ ಯಜಮಾನರು ತೀರ್ಮಾನ ಮಾಡಬೇಕಿತ್ತು. "ಭಾನುವಾರ ನಿಮ್ಮಕ್ಕನ ಮನೆಗೆ ಊಟಕ್ಕೆ ಬರ್ತೀನಿ, ಅಲ್ಲೇ ಮಾತಾಡೋಣ" ಎಂದು ನನ್ನನ್ನೂ ಕರೆದಿದ್ದರು. ಇನ್ನೊಂದು, ತಂಬಾಕಿನ ಅಚ್ಚು ಬರುವುದು ನಿಂತುಹೋಗಿತ್ತು. ಎರಡು ತಿಂಗಳಿಂದ ಭಾವ ಖಾಲಿ ಪೈಪು ಕಚ್ಚಿಕೊಂಡು ಓಡಾಡುತ್ತಿದ್ದರು. ನನಗೆ ಸ್ವರ್ಗಕ್ಕೆ ಮೂರೇ ಗೇಣು. "ನಿಮ್ಮ ಭಾವನ ಪೈಪು ಆರಿದ ಮೇಲೆ ನಿಮ್ಮ ಮುಖದಲ್ಲಿ ಕಳೆ ಬಂದಿದೆ" ಎಂದು ನನ್ನ ಹೆಂಡತಿಯೇ ಆಡಿಕೊಂಡಳು.

ಆಗ ನನಗೆ ಆ ಯೋಚನೆ ಹೊಳೆಯಿತು. ತಂಬಾಕಿನ ಎಲೆ ಮಾರುವವನಿಂದ ಹದ ಮಾಡಿದ ಹಳದಿ ವರ್ಜೀನಿಯಾ ಎಲೆ ತಂದೆ. ನಡುವಿನ ದಂಟು ಕಿತ್ತು, ಜೇನು ಬೆರೆಸಿದ ನೀರು ಚಿಮುಕಿಸಿ, ಎಲೆಯ ಮೇಲೆ ಎಲೆ ಜೋಡಿಸಿ ಕಾರ್ಖಾನೆಯ ಮೂಲೆಯ ಚಿಕ್ಕ ಪ್ರೆಸ್ಸಿನಲ್ಲಿಟ್ಟೆ. ಮೂರು ವಾರ ದಿನಕ್ಕೆ ಕಾಲು ಸುತ್ತು. ಹೊರಗೆ ತೆಗೆದಾಗ ಅಂಚು ಚಾಕುವಿನಲ್ಲಿ ಕೊಯ್ದ ಹಾಗಿತ್ತು. ಹಳೆಯ ಡಬ್ಬಿಯೊಂದಕ್ಕೆ ಹಾಕಿ, ಬೈಂಡರನ ಕೈಚಳಕದಲ್ಲಿ ಅಂಗಡಿ ಮಾಲಿನಂಥ ಚೀಟಿ ಅಂಟಿಸಿದೆ. ನನ್ನ ಲೆಕ್ಕಾಚಾರ ಸರಳವಾಗಿತ್ತು. ಯಜಮಾನರ ಮುಂದೆ ಕೊಡುವುದು. ಭಾವ ಮೂಸಿ ಒಣಹುಲ್ಲು, ಜೇನು ಎಂದು ಶುರು ಮಾಡುವುದು. ಆಗ, 'ಇದು ನಮ್ಮ ಮೂಲೆ ಪ್ರೆಸ್ಸಿನ ಮಾಲು ಭಾವ' ಎನ್ನುವುದು. ನಲವತ್ತು ವರ್ಷದ ಮೂಗು ಒಂದು ಮಾತಿಗೆ ನೆಲಕ್ಕೆ ಬೀಳಬೇಕು, ಅದನ್ನು ಅಕ್ಕ ನೋಡಬೇಕು. ದೊಡ್ಡ ಮೇಜಿಗಿಂತ ನನಗೆ ಬೇಕಾಗಿದ್ದು ಅದು.

ಭಾನುವಾರ ಊಟವಾಯಿತು. ಯಜಮಾನರು ಕುರ್ಚಿಗೆ ಒರಗಿ ಕೂತರು. ನಾನು ಡಬ್ಬಿ ತೆಗೆದು ಭಾವನ ಮುಂದಿಟ್ಟೆ.

"ಎಲ್ಲಿ ಸಿಕ್ತಯ್ಯ ಇದು?" ಭಾವ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. "ನನಗೋಸ್ಕರ ಹುಡುಕಿ ತಂದ್ಯಾ?"

ಚಾಕು ಇಟ್ಟರು. ಪದರ ಹಾಳೆಯ ಹಾಗೆ ಎದ್ದು ಬಂತು. ಅದನ್ನು ಬೆಳಕಿಗೆ ಹಿಡಿದು, "ಒತ್ತಿರೋದು ನೋಡಿ ಯಜಮಾನರೇ! ಇದು ಕೈಕೆಲಸ ಅಂದ್ರೆ. ನಮ್ಮ ಕಡೆ ಯಾರಿಂದಲೂ ಆಗಲ್ಲ" ಎಂದರು. ನನ್ನ ಎದೆ ಉಬ್ಬಿತು, ಅಷ್ಟೇ ಉರಿಯಿತು. ಬದುಕಿನಲ್ಲಿ ಮೊದಲ ಸಲ ನನ್ನ ಕೆಲಸವನ್ನು ಹೊಗಳುತ್ತಿದ್ದಾರೆ, ಯಾರದೋ ಹೆಸರಿಗೆ. ಆಮೇಲೆ ಮೂಗಿಗೆ ಹಿಡಿದರು. "ಒಣಹುಲ್ಲು. ಜೇನು." ಸಿಕ್ಕಿಬಿದ್ದರು! ಬಾಯಿ ತೆರೆಯಬೇಕು, ಅಷ್ಟರಲ್ಲಿ ಅವರು ಕಡ್ಡಿ ಗೀರಿದರು.

ಎರಡು ಗುಟುಕು ಹೊಗೆ ಹೊರಬಂತು. ಅದರ ಜೊತೆ, ಕೂದಲು ಸುಟ್ಟಂಥ ಕಮಟು ವಾಸನೆ ಕೋಣೆ ತುಂಬಿತು. ಬೈಂಡಿಂಗಿನವರಿಗೆ ಗೊತ್ತಿರುವ ವಾಸನೆ, ಚರ್ಮ ಬೇಯಿಸಿ ಮಾಡುವ ಅಂಟು ಸೀದಾಗ ಬರುವಂಥದು. ನಮ್ಮ ಅಂಟಿನ ಒಲೆ ಇರುವುದು ಆ ಚಿಕ್ಕ ಪ್ರೆಸ್ಸಿನ ಮಗ್ಗುಲಲ್ಲೇ. ಮೂರು ವಾರ ನನ್ನ ಎಲೆ ಆ ಆವಿ ಕುಡಿದಿದೆ. ಇಡೀ ದಿನ ಅದರಲ್ಲೇ ಮುಳುಗಿರುವ ನನ್ನ ಮೂಗಿಗೆ, ಅದು ಸುಡುವ ತನಕ ತಿಳಿಯಲೇ ಇಲ್ಲ.

ಯಜಮಾನರು ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡರು. "ಏನ್ರೀ ಇದು, ಏನೋ ಸುಡ್ತಿದೆಯಲ್ಲ?"

ಭಾವ ಕಣ್ಣು ಮುಚ್ಚಿ ಆರಾಮವಾಗಿ ಎಳೆಯುತ್ತಿದ್ದರು. "ಆಹಾ, ಜೇನು" ಎಂದು ಅರ್ಧ ಹೇಳಿದವರು, ಯಜಮಾನರ ಮಾತು ಕೇಳಿ ಕಣ್ಣು ಬಿಟ್ಟರು. ಅವರ ಕರವಸ್ತ್ರ ನೋಡಿದರು. ಆಮೇಲೆ ಅಕ್ಕನ ಮುಖ ನೋಡಿದರು, ದಾರಿ ತಪ್ಪಿದವರು ಎದುರಿಗೆ ಬಂದವರನ್ನು ನೋಡುವ ಹಾಗೆ. ಆ ನೋಟದಲ್ಲಿ ನನಗೆ ಎಲ್ಲ ತಿಳಿದುಹೋಯಿತು. ಈ ಮನುಷ್ಯನಿಗೆ ಯಾವ ವಾಸನೆಯೂ ಬರುತ್ತಿಲ್ಲ. ಈಚೆಗೆ ಚರ್ಮ ಬಂದಾಗಲೆಲ್ಲ ನನ್ನನ್ನು ಕರೆದು, "ಮೂಸಿ ಹೇಳು ನೋಡೋಣ, ಕಲಿತ್ಕೋ" ಎನ್ನುತ್ತಿದ್ದರು. ಎಲ್ಲರ ಮುಂದೆ ಪರೀಕ್ಷೆ ಮಾಡಿ ಅವಮಾನ ಮಾಡುತ್ತಾರೆ ಎಂದು ನಾನು ಕುದಿಯುತ್ತಿದ್ದೆ. ಅವರು ನನ್ನ ಮೂಗಿನಲ್ಲಿ ಕೆಲಸ ಸಾಗಿಸುತ್ತಿದ್ದರು.

"ಅಯ್ಯೋ, ಹಾಲು!" ಎಂದು ಅಕ್ಕ ಅಡುಗೆಮನೆಗೆ ಓಡಿದಳು. ನಾನೂ ಹಿಂದೆಯೇ ಹೋದೆ.

ಒಲೆ ಹೊತ್ತಿಸಿಯೇ ಇರಲಿಲ್ಲ. ಕಾಫಿಗೆಂದು ಇಟ್ಟ ಹಾಲು ತಣ್ಣಗಿತ್ತು. ಅಕ್ಕ ಬೇಗ ಬೇಗ ಒಲೆ ಹೊತ್ತಿಸಿದಳು, ಹಾಲನ್ನು ತೊಟ್ಟಿಗೆ ಸುರಿದು ತಳದಲ್ಲಿ ಎರಡು ಚಮಚ ಉಳಿಸಿ, ಪಾತ್ರೆಯನ್ನು ಉರಿಯ ಮೇಲಿಟ್ಟು ಕಿಟಕಿ ಮುಚ್ಚಿದಳು. ಹಾಲು ಚುರ್ರೆಂದು ಹಿಡಿಯಿತು, ಕಪ್ಪಗಾಯಿತು. ಮನೆ ತುಂಬಿದ್ದ ಅಂಟಿನ ವಾಸನೆಯ ಮೇಲೆ ಸೀದ ಹಾಲಿನ ವಾಸನೆ ಏರತೊಡಗಿತು.

"ಎಷ್ಟು ದಿನದಿಂದ ಅಕ್ಕ?"

"ಆ ದೊಡ್ಡ ಜ್ವರ ಬಂತಲ್ಲ, ಆವಾಗಿಂದ. ನಾಲ್ಕು ವರ್ಷ."

"ನನಗ್ಯಾಕೆ ಹೇಳಲಿಲ್ಲ?"

ಅಕ್ಕ ತಿರುಗಿ ನೋಡಿದಳು. "ನಿನಗಾ?" ಎಂದಳು. ಅಷ್ಟೇ.

ಹೊಗೆಗೆ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೂ ಪಾತ್ರೆ ಇಳಿಸಲಿಲ್ಲ. "ಡಬ್ಬಿ ತೆಗೆದಾಗಲೇ ನನಗೆ ಗೊತ್ತಾಯ್ತು ನಿನ್ನ ಕೆಲಸ ಅಂತ. ಈಗ ಹೊರಗೆ ಹೋಗಿ ಹೇಳ್ತೀಯಾ? ಹೇಳು. ಮೇಜು ನಿನಗೇ ಸಿಗುತ್ತೆ, ನಾನು ಅಡ್ಡ ಬರಲ್ಲ."

ನಮ್ಮಕ್ಕನ ಅಡುಗೆಮನೆಯ ಜಂಬ ನೆಂಟರಿಗೆಲ್ಲ ಗೊತ್ತು. ಅವಳ ಕೈಯಲ್ಲಿ ಹಾಲು ಸೀಯುವುದಿರಲಿ, ಉಕ್ಕಿದ್ದೂ ಇಲ್ಲ. ಇನ್ನೊಬ್ಬರ ಮನೆಯಲ್ಲಿ ತಳ ಹಿಡಿದ ಪಾತ್ರೆ ಕಂಡರೆ ವಾರಗಟ್ಟಲೆ ಆಡಿಕೊಳ್ಳುತ್ತಿದ್ದವಳು. ಅಂಥವಳು ಯಜಮಾನರು ಹೊರಗೆ ಕೂತಿರುವಾಗ, ಬೇಕೆಂದೇ ಹಾಲು ಸೀಯಿಸುತ್ತ ನಿಂತಿದ್ದಳು. ನನ್ನ ಹೆಂಡತಿಯೂ ವಾರಕ್ಕೊಮ್ಮೆ ಹಾಲು ಸೀಯಿಸುತ್ತಾಳೆ, ಆದರೆ ಮರೆತು. ನನಗೋಸ್ಕರ ಬೇಕೆಂದು ಒಂದು ಪಾತ್ರೆ ಸುಟ್ಟವರು ಈ ಭೂಮಿಯ ಮೇಲೆ ಯಾರೂ ಇಲ್ಲ. ಒಲೆಯ ಮುಂದೆ ನಿಂತು ನಾನು ಭಾವನ ಮೇಲೆ ಪಟ್ಟ ಅಸೂಯೆಯ ಎದುರು ಹಿಂದಿನದೆಲ್ಲ ಏನೂ ಅಲ್ಲ.

ಹೊರಗೆ ಬಂದೆ. ಭಾವನ ಕೈಯಲ್ಲಿ ಪೈಪು ಆರಿತ್ತು. ಯಜಮಾನರು ನನ್ನ ಮುಖ ನೋಡಿದರು.

"ಹಾಲು ಸೀದುಹೋಗಿದೆ ಯಜಮಾನರೇ," ಎಂದೆ. "ನಮ್ಮಕ್ಕನ ಕೈಯಲ್ಲಿ ಇದೇ ಮೊದಲು."

ಭಾವ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಮರುಕ್ಷಣವೇ ಬೆನ್ನು ನೆಟ್ಟಗೆ ಮಾಡಿಕೊಂಡು, "ನನಗೆ ಆಗಲೇ ವಾಸನೆ ಬಂತು. ಹೆಂಡ್ತಿ ಮರ್ಯಾದೆ ಅಂತ ಸುಮ್ಮನಿದ್ದೆ" ಎಂದರು. ಎಂಥ ಭಂಡತನ! ಯಜಮಾನರು ತೊಡೆ ತಟ್ಟಿ ನಕ್ಕರು. "ಆ ಮೂಗಿಗೆ ಯಾವುದು ತಪ್ಪುತ್ತೆ! ಇನ್ನೈದು ವರ್ಷ ನೀವೇ ಇರಿ ಮೇಷ್ಟ್ರೇ." ಅಕ್ಕ ಹಾಲಿಲ್ಲದ ಕಾಫಿ ತಂದಳು. "ವಯಸ್ಸಾಯ್ತು ಕಣೇ ನಿನಗೆ" ಎಂದು ಭಾವ ಛೇಡಿಸಿದರು. ಅವಳು ನಾಚಿದವಳಂತೆ ತಲೆ ತಗ್ಗಿಸಿ, ಅವರ ಪಕ್ಕದಲ್ಲೇ ಕೂತಳು.

ಭಾವ ಐದು ವರ್ಷವೂ ದೊಡ್ಡ ಮೇಜಿನಲ್ಲಿ ಕೂತರು. ನಾನು ಏನೂ ತಿಳಿಯದ ಶಿಷ್ಯನಂತೆ ಪಕ್ಕದಲ್ಲಿ ನಿಂತು ಮೂಸಿ ಹೇಳಿದೆ, ಅವರು ಅದನ್ನೇ ಗಟ್ಟಿಯಾಗಿ ಹೇಳಿದರು. ತಿಂಗಳಿಗೊಂದು ಅಚ್ಚು ಒತ್ತಿಕೊಟ್ಟೆ, ಅಂಟಿನಿಂದ ದೂರ, ನನ್ನ ಮನೆಯಲ್ಲಿ. ಬೇರೆ ಊರಿನ ಅಂಗಡಿಯದು ಎಂದು ಹೇಳಿದ್ದೆ. ಪ್ರತಿ ಭಾನುವಾರವೂ ಅವರು ಪದರ ಎತ್ತಿ ಹಿಡಿದು, ಕಾಣದ ಯಾವನನ್ನೋ ಹೊಗಳುವರು, ಅಕ್ಕ ಹೌದು ರೀ ಎನ್ನುವಳು. ಕೆಲಸ ಬಿಟ್ಟ ಎರಡು ವರ್ಷಕ್ಕೆ, ಕೂತಲ್ಲೇ, ಯಾರಿಗೂ ತೊಂದರೆ ಕೊಡದೆ ಹೋಗಿಬಿಟ್ಟರು.

ಮೊನ್ನೆ ಅಕ್ಕನ ಮನೆಗೆ ಹೋಗಿದ್ದಾಗ ತಡೆಯಲಾಗದೆ ಕೇಳಿಯೇಬಿಟ್ಟೆ. "ಏಳು ವರ್ಷ ಒತ್ತಿಕೊಟ್ಟೆನಲ್ಲ ಅಕ್ಕ. ಒಂದೇ ಒಂದು ಸಲ, ಇದು ನನ್ನ ತಮ್ಮನ ಕೈಕೆಲಸ ಅಂತ ಅವರಿಗೆ ಹೇಳಬಹುದಿತ್ತಲ್ಲ?"

ಅಕ್ಕ ಹೆಚ್ಚುತ್ತಿದ್ದ ತರಕಾರಿಯಿಂದ ತಲೆ ಎತ್ತಲಿಲ್ಲ. "ಹೇಳಿದ್ರೆ, ಅವತ್ತಿನ ವಾಸನೆ ಹಾಲಿಂದಲ್ಲ, ನಿನ್ನ ಅಚ್ಚಿಂದು ಅಂತ ತಿಳೀತಿತ್ತು. ಅವರ ಮೂಗಿನ ವಿಷಯ ನಿನಗೆ ತಿಳಿದಿದೆ ಅಂತ ಅವರಿಗೆ ಗೊತ್ತಾಗ್ತಿತ್ತು. ಪಾಪ, ನೊಂದ್ಕೊಳ್ತಿದ್ರು" ಎಂದಳು.

ಭಾವ ಹೋಗಿ ಎಂಟು ತಿಂಗಳಾಯಿತು. ನೊಂದುಕೊಂಡು ಎದುರಿಗೆ ಕೂತಿದ್ದವನು ನಾನು.