ಅಕ್ಕನ ಪ್ರಾರ್ಥನೆ ನಂಬಿ ಮಳವಳ್ಳಿಗೆ

ಬೆಳಿಗ್ಗೆ ಎಂಟೂಕಾಲಿಗೆ ಮಂಡ್ಯ ಬಿಟ್ಟೆ. ಸೋಮವಾರ ನನಗೆ ಹೃದಯದ ಆಪರೇಷನ್. ಅಷ್ಟರೊಳಗೆ ಮಳವಳ್ಳಿಯ ಅಕ್ಕ ರೂತಮ್ಮನ ಕೈಯಲ್ಲಿ ಪ್ರಾರ್ಥನೆ ಮಾಡಿಸಿಕೊಂಡು ಬರಬೇಕಿತ್ತು. ನಮ್ಮ ಮನೆಯಲ್ಲಿ ಪ್ರಾರ್ಥನೆಯ ಕೆಲಸ ಯಾವತ್ತೂ ಅಕ್ಕನದೇ. ದಿನಾ ಐದಕ್ಕೆದ್ದು ಮೊಣಕಾಲೂರಿ ನಮ್ಮೆಲ್ಲರ ಹೆಸರನ್ನೂ ಯೇಸುವಿಗೆ ಒಪ್ಪಿಸುವವಳು ಅವಳು. ನಾನೋ ಹೊಲಿಗೆ ಮೆಷಿನ್ನು ತುಳಿಯುತ್ತ, ಕ್ರಿಸ್‌ಮಸ್ಸಿಗೊಮ್ಮೆ ಚರ್ಚಿಗೆ ಮುಖ ತೋರಿಸುತ್ತ, ಪರಲೋಕದ ಬಾಗಿಲಲ್ಲಿ ಅಕ್ಕ ಹೇಗೋ ನನ್ನನ್ನೂ ಒಳಗೆ ಸೇರಿಸುತ್ತಾಳೆಂದು ಐವತ್ತೆಂಟು ವರ್ಷ ಹಾಯಾಗಿದ್ದವಳು.

ಮದ್ದೂರಿಗೆ ಇಪ್ಪತ್ತು ಕಿಲೋಮೀಟರು. ಆಧಾರ್ ಕಾರ್ಡು ತೋರಿಸಿದ್ದರಿಂದ ಟಿಕೆಟ್ಟಿಗೆ ಕಾಸಿಲ್ಲ. ಅಲ್ಲಿ ಅಕ್ಕನಿಗೆಂದು ಎರಡು ವಡೆ ಕಟ್ಟಿಸಿದೆ. ಡಾಕ್ಟರು ಎಣ್ಣೆ ಮುಟ್ಟಬೇಡಿ ಎಂದಿದ್ದರೂ ಒಂದನ್ನು ನಾನೇ ತಿಂದೆ. ಮಳವಳ್ಳಿ ಬಸ್ಸಿಗೆ ಮುಕ್ಕಾಲು ಗಂಟೆ ಬಿಸಿಲಲ್ಲಿ ಕಾದೆ.

ದಾರಿಯುದ್ದಕ್ಕೂ ಕಬ್ಬಿನ ಲಾರಿಯೊಂದು ನಮ್ಮ ಮುಂದೆ ತೆವಳುತ್ತಿತ್ತು. ಪಕ್ಕದಲ್ಲಿ ಕೂತ ಹೆಂಗಸು ಆಪರೇಷನ್ ಸುದ್ದಿ ಕೇಳಿ, "ಜೊತೇಗ್ ಯಾರೂ ಬರ್ನಿಲ್ವಾ? ಮಕ್ಳು?" ಅಂದಳು.

"ಮದ್ವೇನೇ ಆಗ್ನಿಲ್ಲ ಕಣಮ್ಮ."

"ಅಯ್ಯೋ ಬುಡು," ಎಂದು ಕಿಟಕಿಯತ್ತ ತಿರುಗಿದಳು. ಕೆ.ಎಂ.ದೊಡ್ಡಿಯಲ್ಲಿ ಅವಳು ಇಳಿದ ಮೇಲೆ ಆ ಸೀಟು ಖಾಲಿಯೇ ಉಳಿಯಿತು. ಅಷ್ಟು ಜನರಿದ್ದ ಬಸ್ಸಿನಲ್ಲಿ ನನಗೆ ಯಾರೂ ಇಲ್ಲ ಅನ್ನಿಸಿತು. ಅಕ್ಕ ಇದ್ದಾಳಲ್ಲ, ಎಂದು ಸಮಾಧಾನ ಮಾಡಿಕೊಂಡೆ.

ಅಕ್ಕನಿಗೆ ಒಂಚೂರು ಮರೆವು ಎಂದು ಅವಳ ಸೊಸೆ ಫೋನಿನಲ್ಲಿ ಹೇಳಿದ್ದಳು. ಹೋಗಿ ನೋಡಿದರೆ, ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಕ್ಕ ನನ್ನನ್ನು ನೋಡಿ, "ಬಾವ್ವ, ಯಾರ್ ಮನೆಯೋಳು ನೀನು?" ಎಂದಳು.

"ಸುಗುಣ ಕಣಕ್ಕ."

ಅವಳು ಪರಿಚಯವಿಲ್ಲದವರಿಗೆ ನಗುವಂತೆ ನಕ್ಕಳು. ನಾನು ಅವಳ ಮುಂದೆ ಕುಕ್ಕರಿಸಿ ಅವಳ ಕೈಯನ್ನು ನನ್ನ ತಲೆ ಮೇಲಿಟ್ಟುಕೊಂಡೆ. "ಸ್ವಾಮಾರ ಆಪ್ರೇಸನ್ ಕಣಕ್ಕ. ನಾನೇನಾದ್ರೂ ಸತ್ರೆ ಗತಿ ಏನು? ನಿನ್ ಪ್ರಾರ್ಥ್ನೇನೇ ನಂಬ್ಕಂಡಿವ್ನಿ."

ಅಕ್ಕ ಕೈ ಕಿತ್ತುಕೊಂಡಳು. "ನನ್ ನಂಬ್ಕಂಡ್ರೆ ಕೆಟ್ಟೋಯ್ತೀಯ! ಸಿಲುಬೆ ಮ್ಯಾಲೆ ಪ್ರಾಣ ಕೊಟ್ಟೋಳು ನಾನಾ? ಅವ್ನ ನಂಬು."

ಆಮೇಲೆ ನನ್ನ ಕಣ್ಣೀರು ಕಂಡು ಮೆತ್ತಗಾದಳು. "ನಂಗೂ ಒಬ್ಳು ತಂಗಿ ಅವ್ಳೆ ಕಣವ್ವ. ಎಸ್ರು ಮರ್ತೋಗದೆ. ಆದ್ರೂ ದಿನಾ ಏಳ್ತೀನಿ, ಯೇಸಪ್ಪಾ, ನನ್ ತಂಗಿ ನಿಂಗ್ ಗೊತ್ತಲ್ಲ ಅಂತ. ಅವ್ಳು ಮಾತ್ರ ಒಂದಿನಾನೂ ಅವ್ನ ಜೊತೆ ಮಾತಾಡ್ನಿಲ್ಲ. ಅದೊಂದೇ ನಂಗೆ ಕೊರಗು."

ಆ ತಂಗಿ ನಾನೇ ಎಂದು ಎರಡು ಸಲ ಹೇಳಿದೆ. ಅವಳು ತಲೆಯಾಡಿಸುತ್ತ ಅವರೆಕಾಯಿ ಬಿಡಿಸಿದಳು. ಸೊಸೆ ಮುದ್ದೆ, ಅವರೆಕಾಳು ಸಾರು ಬಡಿಸಿದಳು. ಮೂರು ತುತ್ತಿನ ಮೇಲೆ ಇಳಿಯಲಿಲ್ಲ.

ಮೂರೂವರೆಯ ಬಸ್ಸು ಹತ್ತಿದೆ. ಅಕ್ಕ ನನ್ನನ್ನು ಕಳಿಸಿಕೊಡಲು ಏಳಲೂ ಇಲ್ಲ. ಮಳವಳ್ಳಿಯ ಮನೆಗಳು ಹಿಂದೆ ಸರಿಯುತ್ತಿದ್ದಾಗ ಒಮ್ಮೆ ತಿರುಗಿ ನೋಡಿ ಕಣ್ಣು ಮುಚ್ಚಿದೆ. ಹೇಗೆ ಶುರುಮಾಡಬೇಕೆಂದೇ ತಿಳಿಯಲಿಲ್ಲ. ಪಕ್ಕದವರು ಏನಂದುಕೊಂಡರೋ, ತುಟಿ ಬಿಚ್ಚಿ ಮೆಲ್ಲಗೆ ಹೇಳಿದೆ:

"ಯೇಸಪ್ಪಾ, ರೂತಕ್ಕ ಎಸ್ರು ಮರ್ತಿರೋ ಆ ತಂಗಿ ನಾನೇ. ನಂಗೆ ಭಯ ಆಯ್ತದೆ. ಕೈ ಬುಡ್ಬೇಡ."