ಯಾರ ಪೈಕಿ?

ಬೆಳಗಾವಿ ನಿಲ್ದಾಣಕ್ಕೆ ಗಾಡಿ ಬರುವ ಬಹಳ ಮೊದಲೇ ಹೋಗಿದ್ದೆ. ಹೆಡ್‌ಮಾಸ್ತರಿಕೆಯಿಂದ ನಿವೃತ್ತನಾದರೂ ಆ ಅಭ್ಯಾಸ ಬಿಟ್ಟಿಲ್ಲ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಚಳಿ ಜೋರಾಗಿತ್ತು, ಪ್ಲಾಟ್‌ಫಾರ್ಮಿನ ಚಹಾ ನೀರಾಗಿತ್ತು. ಖಾನಾಪುರಕ್ಕೆ ಇಪ್ಪತ್ತೈದು ಕಿಲೋಮೀಟರಿನಷ್ಟು ದಾರಿ. ಬಸ್ಸಿಗಿಂತ ರೈಲು ಅಗ್ಗ, ಆದರೆ ಎಂಜಿನ್ನಿನ ಕಲ್ಲಿದ್ದಲ ಪುಡಿ ಬಿಳಿ ಅಂಗಿಯನ್ನು ಬಿಡುವುದಿಲ್ಲ. ಕಿಟಕಿ ಮುಚ್ಚಿ ಕುಳಿತೆ.

ಹಿಂದಿನ ವರ್ಷ ನಗರದ ಕಾಲೇಜು ಹುಡುಗನೊಬ್ಬ ತಾನಾಗಿ ಜೀವ ಕಳೆದುಕೊಂಡಿದ್ದ. ಮನಸ್ಸು ಕುಗ್ಗಿದ ಹುಡುಗ ಹುಡುಗಿಯರು ಬಂದು ಮಾತಾಡಲು ಬೆಳಗಾವಿಯ ಶಹಾಪುರ ಭಾಗದಲ್ಲಿ ಒಂದು ಕೋಣೆ ತೆರೆಯೋಣವೆಂದು ನಾವು ಕೆಲವು ಹಿರಿಯರು ಸಮಿತಿ ಮಾಡಿಕೊಂಡಿದ್ದೆವು. ಆ ಕೋಣೆ ಹೇಗಿರಬೇಕೆಂದು ಅವರ ವಯಸ್ಸಿನವರನ್ನೇ ಕೇಳಬೇಕು ಎಂದು ನಾನು ಪಟ್ಟು ಹಿಡಿದೆ. ಹಾಗಾದರೆ ಒಬ್ಬರನ್ನು ಕರೆತನ್ನಿ ಎಂದರು.

ನನಗೆ ನೆನಪಾದವಳು ನನ್ನ ಹಳೆಯ ವಿದ್ಯಾರ್ಥಿನಿ ಶೈಲಾ. ಶಹಾಪುರದ ಪಕ್ಕದ ವಡಗಾವಿಯ ನೇಕಾರರ ಮಗಳು. ಕಾಲೇಜಿಗೆ ಹೋಗುತ್ತಿದ್ದವಳು ಮನಸ್ಸು ಕುಗ್ಗಿ ಹಾಸಿಗೆ ಬಿಟ್ಟು ಏಳದಾದಳು. ತಿಂಗಳುಗಟ್ಟಲೆ ಹಾಗೇ ಇದ್ದಳು. ಖಾನಾಪುರದ ಸೋದರಮಾವನ ಮನೆಗೆ ಬಂದ ಮೇಲೆ ಮೆಲ್ಲಗೆ ಚೇತರಿಸಿಕೊಂಡು ಹೊಲಿಗೆ ಕ್ಲಾಸಿಗೆ ಹೋಗತೊಡಗಿದ್ದಳು. ಅಲ್ಲಿನ ಹುಡುಗಿಯರು ಯಾರಿಗೂ ಹೇಳದ್ದನ್ನು ಇವಳ ಮುಂದೆ ಹೇಳಿಕೊಳ್ಳುತ್ತಾರೆಂದು ಕೇಳಿದ್ದೆ.

ದೇಸೂರಿನಲ್ಲಿ ಎದುರು ಗಾಡಿಗಾಗಿ ಕಾದು, ಖಾನಾಪುರ ಮುಟ್ಟಿದೆ. ಶೈಲಾಳ ಮಾವ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಓಣಿಯಲ್ಲಿ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ. ಬಿಸಿ ಅವಲಕ್ಕಿ ಕೊಟ್ಟು, ನಾನು ತಿಂದು ಮುಗಿಸಿದ ಮೇಲೆ ಹೇಳಿದರು:

"ಕರಕೊಂಡ ಹೋಗ್ರಿ ಸರ್. ಆದ್ರ ಶಹಾಪುರದಾಗ ಈಕಿಗೆ ವರ ನೋಡಾಕತ್ತೇವಿ. ಆಗಿದ್ದು ಹೊರಗ ಬೀಳಬಾರ್ದು. ಹೆಸರಷ್ಟ ಹೇಳ್ರಿ, ಮನಿತನ ಬ್ಯಾಡ."

"ಆತ್ರಿ, ಮಾತು ಕೊಟ್ಟೆ" ಎಂದೆ.

"ಚಿಂತಿ ಬಿಡು ಮಾಮಾ" ಎಂದಳು ಶೈಲಾ, ಚಪ್ಪಲಿ ಮೆಟ್ಟುತ್ತ. "ಸರ್ ಮಾತಂದ್ರ ಸಾಲಿ ಗಂಟಿ ಇದ್ದಂಗ. ನಮಗ ಬ್ಯಾಡಾದ್ರೂ ಬಡಿತೈತಿ."

ವಾಪಸು ಬರಲು ಆ ಹೊತ್ತಿಗೆ ರೈಲಿರಲಿಲ್ಲ, ಬಸ್ಸು ಹಿಡಿದೆವು. ಅವಳು ಕಿಟಕಿಯ ಪಕ್ಕ ಕುಳಿತು ದಾರಿಯುದ್ದಕ್ಕೂ ಉತ್ಸಾಹದಲ್ಲಿದ್ದಳು.

"ಭಾಷಣ ಮಾಡಬೇಕೇನ್ರಿ ಸರ್?"

"ಇಲ್ಲವ್ವಾ. ಖೋಲಿ ಹೆಂಗಿರಬೇಕು, ಅದನ್ನ ಹೇಳು."

"ಒಂದ ಮಾತೈತ್ರಿ. ಸಣ್ಣದು. ಅಲ್ಲೇ ಹೇಳ್ತೀನಿ."

ಶಹಾಪುರದ ಆ ಕೋಣೆಗೆ ಹೊಸ ಸುಣ್ಣ ಬಳಿದಿದ್ದರು. ಹಿರಿಯರೆಲ್ಲ ಕುರ್ಚಿಗಳಲ್ಲಿದ್ದರು. ತಟ್ಟೆಯಲ್ಲಿ ಸಿಹಿ ಕುಂದಾ ಬಂತು. ಅಧ್ಯಕ್ಷರಾದ ವಕೀಲರು ಕನ್ನಡಕ ಏರಿಸಿ ಬಾಯ್ತುಂಬ ನಕ್ಕರು.

"ಬಾರವ್ವಾ, ಕುಂದರು. ಯಾರ ಪೈಕಿ ನೀ?"

ನಮ್ಮ ಕಡೆ ಹರೆಯದವರು ಯಾರೇ ಎದುರಾದರೂ ನೀರು ಕೊಡುವ ಮೊದಲು ಕೇಳುವ ಮಾತು ಇದು. ಇದರಲ್ಲಿ ಕೆಡುಕಿಲ್ಲ. ಯಾರ ಮನೆಯವರೆಂದು ತಿಳಿದರೆ ನಮ್ಮವರಾದರು ಎಂದು ಲೆಕ್ಕ.

"ಶೈಲಾ ಅಂತ. ನನ್ನ ವಿದ್ಯಾರ್ಥಿನಿ" ಎಂದು ನಾನೇ ಉತ್ತರಿಸಿದೆ.

"ಅದು ಹೆಸರಾತಲ್ರಿ ಹೆಡ್‌ಮಾಸ್ತರ. ನಾ ಕೇಳಿದ್ದು ಪೈಕಿ."

ಎಲ್ಲರೂ ನಕ್ಕರು. ಅಷ್ಟರಲ್ಲಿ ಅವಳನ್ನೇ ದಿಟ್ಟಿಸುತ್ತಿದ್ದ ನೂಲಿನ ವ್ಯಾಪಾರಿ ತೊಡೆ ತಟ್ಟಿದರು.

"ಅರೇ, ವಡಗಾವಿ ಈರಪ್ಪನ ಮಗಳಲ್ಲೇನವಾ ನೀ? ಮಾರಿ ಥೇಟ್ ಅಪ್ಪಂದ ಐತಿ! ಹಾಸಿಗಿ ಹಿಡದಿದ್ದಾಕಿ ನೀನ ಅಲ್ಲ? ಪಾಪ, ಆರಾಮಾದಿ ನೋಡು. ನಮ್ಮ ಓಣ್ಯಾಗೆಲ್ಲಾ ಹೇಳ್ತೀನಿ ತಡಿ."

ಅವರ ದನಿಯಲ್ಲಿದ್ದುದು ನಿಜವಾದ ಸಂತೋಷ. ಶೈಲಾ ಕುಂದಾದ ತಟ್ಟೆಯನ್ನು ನೆಲಕ್ಕಿಟ್ಟಳು. ಬೋರ್ಡು, ಬೆಂಚು, ಬಾಗಿಲ ಪರದೆ, ಎಲ್ಲದರ ಚರ್ಚೆಯಾಯಿತು. ಕೊನೆಗೆ ಅವಳ ಸರದಿ ಬಂದಾಗ ಎದ್ದು ನಿಂತಳು.

"ಹಿರಿಯರು ಹೇಳಿದ್ದೆಲ್ಲಾ ಬರೋಬ್ಬರಿ ಐತ್ರಿ."

ಚಪ್ಪಾಳೆ ತಟ್ಟಿದರು. ಯುವಕರ ಒಪ್ಪಿಗೆಯೂ ಸಿಕ್ಕಿತೆಂದು ವಕೀಲರು ಸಭೆ ಮುಗಿಸಿದರು.

ಸಂಜೆಯ ಗಾಡಿ ಖಾಲಿಯಿತ್ತು. ಒಂದು ಪೊಟ್ಟಣ ಚುರುಮುರಿ ಕೊಂಡೆ, ಅವಳು ಮುಟ್ಟಲಿಲ್ಲ. ದೇಸೂರು ದಾಟಿದ ಮೇಲೆ ನಾನೇ ಕೇಳಿದೆ.

"ಆ ಸಣ್ಣ ಮಾತು ಏನಿತ್ತವ್ವಾ?"

ಅವಳು ಹೊರಗೇ ನೋಡುತ್ತಿದ್ದಳು. "ಆ ಖೋಲ್ಯಾಗ ಕುಂದ್ರಾವ್ರು ಬಂದವ್ರನ್ನ ಯಾರ ಪೈಕಿ ಅಂತ ಕೇಳಬಾರ್ದು. ಅಷ್ಟರಿ."

ಖಾನಾಪುರ ನಿಲ್ದಾಣದಲ್ಲಿ ಮಾವ ಕಾಯುತ್ತಿದ್ದರು. "ಹೆಂಗಾತು?" ಎಂದರು. "ಕುಂದಾ ಕೊಟ್ರು, ಮಾಮಾ" ಎಂದು ಅವಳು ಮುಂದೆ ನಡೆದಳು. ಹಿಂದೆ ಉಳಿದ ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ. ಹೊರಕೋಣೆಯಲ್ಲಿ ನನಗೆ ಹಾಸಿಕೊಟ್ಟರು.

ಬೆಳಿಗ್ಗೆ ಎಂದಿನಂತೆ ಬೇಗ ಎದ್ದು, ಮಿಂದು, ಚೀಲ ಕಟ್ಟಿದೆ. ಬಿಸಿಲು ಅಂಗಳಕ್ಕಿಳಿದರೂ ಶೈಲಾ ಕಾಣಲಿಲ್ಲ. ಹೊಲಿಗೆ ಕ್ಲಾಸಿನ ಜೊತೆಗಾತಿ ಬಾಗಿಲಿಗೆ ಬಂದು ಕೂಗಿ, ಸ್ವಲ್ಪ ನಿಂತು, ಒಬ್ಬಳೇ ಹೋದಳು.

"ಎದ್ದಿಲ್ರಿ ಆಕಿ" ಎಂದರು ಮಾವ, ನನ್ನ ಮುಖ ನೋಡದೆ. "ಎಬ್ಬಿಸಿದ್ರೂ ಗ್ವಾಡಿ ಕಡೆ ಹೊಳ್ಳಿ ಮಲಗ್ಯಾಳ."

ಹಿಂದಿರುಗುವ ಗಾಡಿಯಲ್ಲಿ ನನ್ನ ಎದುರು ಒಬ್ಬ ಕಾಲೇಜು ಯುವಕ ಕುಳಿತ. ಪುಸ್ತಕ ತೊಡೆಯ ಮೇಲಿತ್ತು, ತೆರೆದಿರಲಿಲ್ಲ. ಕಣ್ಣುಗಳು ಕೆಂಪಾಗಿ ಊದಿದ್ದವು. ಆ ಮುಖ ನೋಡಿ ಸುಮ್ಮನಿರುವುದು ನನ್ನಿಂದ ಆಗಲಿಲ್ಲ. ಏನಾದರೂ ಮಾತಾಡಿಸಬೇಕೆಂದು ಮುಂದೆ ಬಾಗಿದೆ.

"ಯಾರ ಪೈಕಿ ಅಪ್ಪಾ ನೀ?"

ಮಾತು ಹೊರಗೆ ಬಿದ್ದ ಮೇಲೆಯೇ ನನ್ನ ಕಿವಿಗೂ ಅದು ಕೇಳಿಸಿದ್ದು. ಯುವಕ ನನ್ನನ್ನೊಮ್ಮೆ ನೋಡಿದ. ಪುಸ್ತಕ ಎತ್ತಿಕೊಂಡು ಬಾಗಿಲ ಬಳಿ ಹೋಗಿ ನಿಂತ. ದೇಸೂರಿನಲ್ಲಿ ಗಾಡಿ ನಿಲ್ಲುತ್ತಲೇ ಇಳಿದು, ಹಿಂದಿನ ಡಬ್ಬಿಯ ಕಡೆಗೆ ನಡೆದುಹೋದ.