ಲಕ್ಷ್ಮಿದೇವಿ ಯಾವ ದಿನ ನಂಬಿದಳು

ಲಕ್ಷ್ಮಿದೇವಿಯನ್ನು ಪ್ರಾರ್ಥನಾ ಮಂದಿರದವರು ಮೊದಲ ಸಲ ಕರೆಸಿಕೊಂಡದ್ದು ಅವಳ ತೆಲುಗಿಗಾಗಿ. ಗಡಿಯಾಚೆ ತೆಲುಗು ಸೀಮೆಗೆ ಸೇರಿದ ಗುಡಿಬಂಡೆಯಿಂದ ಆಟೋದಲ್ಲಿ ಇಪ್ಪತ್ತು ನಿಮಿಷದ ದಾರಿಯ ಆ ಹಳ್ಳಿಯಲ್ಲಿ ಮನೆಮಾತು ಕನ್ನಡ. ಸಂತೆಗೆ, ಆಫೀಸಿಗೆ ಬೇಕಾಗುವಷ್ಟು ತೆಲುಗು ಎಲ್ಲರಿಗೂ ಬರುತ್ತದೆ. ಆದರೆ ಧರ್ಮಾವರಂ ಕಡೆಯಿಂದ ಬಂದಿದ್ದ ಪಾಸ್ಟರ್ ಯುವರಾಜ್ ಪ್ರಸಂಗಕ್ಕೆ ನಿಂತರೆ ಅವರ ಗ್ರಾಂಥಿಕ ತೆಲುಗು ವಯಸ್ಸಾದವರಿಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದ ಮೇಷ್ಟ್ರಿಗೆ ವರ್ಗವಾಯಿತು. ಲಕ್ಷ್ಮಿದೇವಿ ಮಡಕಶಿರದ ಹಾಸ್ಟೆಲ್ಲಿನಲ್ಲಿದ್ದು ಹತ್ತನೇ ತರಗತಿಯವರೆಗೆ ತೆಲುಗಿನಲ್ಲಿ ಓದಿದವಳು. ಊರಿನವರ ಅರ್ಜಿಗಳನ್ನು ಬರೆದುಕೊಡುತ್ತಿದ್ದವಳೂ ಅವಳೇ.

"ಒಂದೇ ಒಂದು ವಾರ ಬಾರಮ್ಮಿ, ಆಮ್ಯಾಕೆ ಬ್ಯಾರೆಯೋರ್ನ ನೋಡ್ಕೊಂತೀವಿ" ಎಂದು ಪಕ್ಕದ ಮನೆಯ ದೊಡ್ಡಕ್ಕ ಕರೆದಳು. ದೊಡ್ಡಕ್ಕ ಆ ಮಂದಿರಕ್ಕೆ ಮೊದಲಿನಿಂದ ಹೋಗುತ್ತಿದ್ದ ಮುದುಕಿ. ಲಕ್ಷ್ಮಿದೇವಿ ಆಗ ಶುಕ್ರವಾರ ಹೊಸ್ತಿಲು ಪೂಜೆ, ಶನಿವಾರ ಆಂಜನೇಯನಿಗೆ ಒಪ್ಪೊತ್ತು ಮಾಡುತ್ತಿದ್ದ ಹೆಂಗಸು. ಹೋದಳು. ಬೇರೆಯವರನ್ನು ಯಾರೂ ಹುಡುಕಲಿಲ್ಲ. ಆ ಒಂದು ವಾರಕ್ಕೆ ಈಗ ಹನ್ನೊಂದು ವರ್ಷ.

ತಿರುಗಿಸಿ ಹೇಳುವವರಿಗೆ ಒಂದು ಪದ್ಧತಿಯಿದೆ. ಪಾಸ್ಟರ್ "ನಾನು ಪಾಪಿಯಾಗಿದ್ದೆ" ಎಂದರೆ "ಪಾಸ್ಟರ್ ಪಾಪಿಯಾಗಿದ್ದರಂತೆ" ಎನ್ನುವಂತಿಲ್ಲ. "ನಾನು ಪಾಪಿಯಾಗಿದ್ದೆ" ಎಂದೇ ಹೇಳಬೇಕು. ಅವರು ದನಿ ಎತ್ತಿದರೆ ಎತ್ತಬೇಕು, ಕೈ ಮೇಲೆ ಮಾಡಿದರೆ ಮಾಡಬೇಕು. ಮೊದಮೊದಲು ಅವಳಿಗೆ ಅದು ಬೇರೆಯವರ ಅರ್ಜಿ ಓದಿದ ಹಾಗೆ ಇತ್ತು. ಶನಿವಾರ ಸಂಜೆ ಪಾಸ್ಟರ್ ಮರುದಿನದ ಬೈಬಲ್ ವಾಕ್ಯ ಯಾವುದೆಂದು ಫೋನಿನಲ್ಲಿ ತಿಳಿಸುತ್ತಿದ್ದರು. ಅವಳು ತೆಲುಗಿನಲ್ಲಿ ಓದಿಕೊಂಡು ಕನ್ನಡದಲ್ಲಿ ಹೇಳುವಳು. ಗಂಡ ಚಿಕ್ಕತಿಮ್ಮಯ್ಯ ರೇಷ್ಮೆ ಹುಳುವಿಗೆ ಸೊಪ್ಪು ಕತ್ತರಿಸುತ್ತ, ಮುಂದೆ ಕನ್ನಡದ ಪುಸ್ತಕ ಬಿಚ್ಚಿಟ್ಟುಕೊಂಡು, ತಪ್ಪಿದಲ್ಲಿ ತಿದ್ದುವನು. ಎಷ್ಟೋ ವಾಕ್ಯಗಳು ಅವನಿಗೂ ಬಾಯಿಪಾಠವಾದವು.

ಮೂರನೇ ವರ್ಷ ಒಂದು ಬೆಳಿಗ್ಗೆ ಹುಳುಮನೆಯಲ್ಲಿ ಸೊಪ್ಪು ಹರಡುತ್ತಿದ್ದಾಗ, ತಾನು ಯೇಸುವಿನ ಜೊತೆ ಮಾತಾಡುತ್ತಿದ್ದೇನೆ ಎಂಬುದು ಅವಳ ಗಮನಕ್ಕೆ ಬಂತು. ತಂಗಿಯ ಗಂಡನ ಕುಡಿತದ ಸಂಗತಿ ಹೇಳಿಕೊಳ್ಳುತ್ತಿದ್ದಳು. ಯಾರೂ ತೆಲುಗಿನಲ್ಲಿ ಮೊದಲು ಹೇಳಿಕೊಟ್ಟ ಮಾತಲ್ಲ. ಎಷ್ಟು ದಿನದಿಂದ ಹೀಗೆ ಮಾತಾಡುತ್ತಿದ್ದೇನೆ ಎಂದು ಯೋಚಿಸಿದಳು, ನೆನಪಾಗಲಿಲ್ಲ. ಆ ವರ್ಷವೇ ಅಗಳಿ ದಾರಿಯ ಕೆರೆಯಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡಳು. ಒಣಗಿದ ಸೀರೆ, ಟವೆಲ್ಲು ಹಿಡಿದುಕೊಂಡು ದಡದಲ್ಲಿ ನಿಂತಿದ್ದವನು ಚಿಕ್ಕತಿಮ್ಮಯ್ಯನೇ. ಅವನು ಬೇಡವೆನ್ನಲಿಲ್ಲ. ತನ್ನ ಶನಿವಾರದ ಒಪ್ಪೊತ್ತನ್ನೂ ಬಿಡಲಿಲ್ಲ.

ಹೋದ ವರ್ಷ ರಾಯದುರ್ಗದಿಂದ ಕಿರಣ್ ಕುಮಾರ್ ಎಂಬ ಬೋಧಕರು ಬರತೊಡಗಿದರು. ಅಲ್ಲಿಯ ಬಜಾರಿನ ಕನ್ನಡ ಅವರಿಗೆ ಬರುತ್ತಿತ್ತು, ಆದರೆ ವಾಕ್ಯ ಬಿಡಿಸಿ ಹೇಳಲು ತೆಲುಗೇ ಬೇಕಿತ್ತು. ಶುಕ್ರವಾರ ಅವರ ಪಾಠ, ಭಾನುವಾರ ಯುವರಾಜ್ ಅವರ ಪ್ರಸಂಗ. ಎರಡಕ್ಕೂ ಬಾಯಿ ಲಕ್ಷ್ಮಿದೇವಿಯದೇ. ಕೆಲವು ತಿಂಗಳಾದ ಮೇಲೆ ಶುಕ್ರವಾರ ತಾನು ಹೇಳಿದ್ದಕ್ಕೂ ಭಾನುವಾರ ಹೇಳಿದ್ದಕ್ಕೂ ಹೊಂದುತ್ತಿಲ್ಲ ಎಂದು ಅವಳಿಗೇ ಅನ್ನಿಸಿತು. ಕೃಪೆ ಎಲ್ಲರಿಗೂ ಇದೆ, ಅದನ್ನು ತೆಗೆದುಕೊಳ್ಳುವುದೂ ಬಿಡುವುದೂ ಮನುಷ್ಯನ ಇಷ್ಟ ಎಂದು ಯುವರಾಜ್. ಮನುಷ್ಯನಿಗೆ ಕೈ ಚಾಚುವ ತ್ರಾಣವೂ ಇಲ್ಲ, ನಂಬಿಕೆಯನ್ನೂ ದೇವರೇ ಕೊಡಬೇಕು, ತಾನು ಆರಿಸಿಕೊಂಡವರಿಗೆ ಕೊಡುತ್ತಾನೆ ಎಂದು ಕಿರಣ್ ಕುಮಾರ್. ಊರಿನವರಿಗೂ ಅದು ತಿಳಿಯಿತು. ನಲ್ಲಿಯ ಹತ್ತಿರ ಹೆಂಗಸರು ಎರಡು ಪಂಗಡವಾದರು. ಕೊನೆಗೆ ಹಿರಿಯರು ಸೇರಿ, ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಒಟ್ಟಿಗೆ ನಿಂತು ಮಾತಾಡಲಿ ಎಂದು ತೀರ್ಮಾನಿಸಿದರು.

ಅಂದು ಯುವರಾಜ್ ಮೊದಲು ಎದ್ದರು. ದೇವರು ಮನುಷ್ಯನನ್ನು ಬೊಂಬೆ ಮಾಡಲಿಲ್ಲ, ಅವನಿಗೆ 'ಸ್ವೇಚ್ಛ' ಕೊಟ್ಟ ಎಂದರು. ತೆಲುಗಿನಲ್ಲಿ ಅದು ಸ್ವಾತಂತ್ರ್ಯ. ಲಕ್ಷ್ಮಿದೇವಿ ಅವಸರದಲ್ಲಿ, "ದೇವರು ಮನುಷ್ಯನಿಗೆ ಸ್ವೇಚ್ಛೆ ಕೊಟ್ಟಿದ್ದಾನೆ" ಎಂದುಬಿಟ್ಟಳು. ಕನ್ನಡದಲ್ಲಿ ಅದು ಹೇಗೆ ಬೇಕೋ ಹಾಗೆ ತಿರುಗುವುದು.

"ಅದ್ನ ದೇವ್ರು ಯಾಕೆ ಕೊಡ್ಬೇಕು?" ಎಂದಳು ಮುಂದೆ ಕೂತಿದ್ದ ದೊಡ್ಡಕ್ಕ. "ನನ್ನ ತಮ್ಮ ತಾನೇ ತಗಂಡವ್ನೆ."

ಜನ ನಕ್ಕರು. ಲಕ್ಷ್ಮಿದೇವಿ ಮಾತು ತಿದ್ದಿಕೊಂಡಳು. ಕಿರಣ್ ಕುಮಾರ್ ಎದ್ದು, ದೇವರ 'ಏರ್ಪಾಟು' ಲೋಕ ಹುಟ್ಟುವ ಮೊದಲೇ ಆಗಿದೆ ಎಂದರು. ಅವಳು "ದೇವರ ಏರ್ಪಾಡು" ಎಂದಳು. ಊಟದ ಏರ್ಪಾಡೋ ಎಂದು ಹಿಂದಿನಿಂದ ಯಾರೋ ಕೇಳಿದರು. "ಅಲ್ಲ, ಆರಿಸಿಕೊಳ್ಳೋದು. ಯಾರು ಬೇಕು, ಯಾರು ಬೇಡ ಅಂತ" ಎಂದು ಅವಳು ಬಿಡಿಸಿ ಹೇಳಿದ ಮೇಲೆ ನಗು ನಿಂತುಹೋಯಿತು.

ಅಷ್ಟರಲ್ಲಿ ಯುವರಾಜ್ ಅವಳ ಕಡೆಗೇ ಕೈ ತೋರಿಸಿದರು. "ಈ ಸಹೋದರಿಯನ್ನೇ ನೋಡಿ. ಎಂಟು ವರ್ಷದ ಹಿಂದೆ ಇದೇ ಜಾಗದಲ್ಲಿ, ಯಾರು ನಂಬುತ್ತೀರಿ ಎಂದು ನಾನು ಕೇಳಿದೆ. ಈಕೆ ಕೈ ಎತ್ತಿದಳು. ಯಾರೂ ಹಿಡಿದು ಎತ್ತಿಸಲಿಲ್ಲ."

ಅವಳು ಬಾಯಿ ತೆರೆದಳು, ತಡವರಿಸಿದಳು. ಅವಳ ಬಾಯಲ್ಲಿ 'ನಾನು' ಎಂದರೆ ಪಾಸ್ಟರ್. ಹಾಗಾದರೆ 'ಈ ಸಹೋದರಿ' ಯಾರು? "ಎಂಟು ವರ್ಷದ ಹಿಂದೆ ನಾನು ಕೇಳಿದೆ, ನಾನು ಕೈ ಎತ್ತಿದೆ" ಎಂದಳು. ಕೇಳಿದ್ದು ಯಾರು, ಎತ್ತಿದ್ದು ಯಾರು ಎಂದು ಜನ ಮುಖ ಮುಖ ನೋಡಿಕೊಂಡರು.

ಕಿರಣ್ ಕುಮಾರ್ ಕೂತಲ್ಲಿಂದಲೇ ಹೇಳಿದರು. "ಆ ಅಕ್ಕ ದೇವರನ್ನು ಹುಡುಕಿಕೊಂಡು ಇಲ್ಲಿಗೆ ಬಂದಳೇ? ಒಂದು ವಾರ ಮಾತು ತಿರುಗಿಸಲು ಬಂದಳು. ನಂಬದೆಯೇ ನಂಬಿಕೆಯ ಮಾತಾಡಿದಳು. ಅವಳಿಗೆ ತಿಳಿಯದ ಹಾಗೆ ಒಳಗೆ ನಂಬಿಕೆ ಇಟ್ಟವರು ಯಾರು?"

ಇದನ್ನು ಅವಳು ಬೇರೆ ಯಾವ ಊರಿನ ಹೆಂಗಸಿನ ಸಂಗತಿಯೋ ಎಂಬಂತೆ, "ಆ ಅಕ್ಕ" ಎಂದೇ ಹೇಳಿ ಮುಗಿಸಿದಳು.

"ನೀನೇ ಹೇಳಮ್ಮಿ" ಎಂದಳು ದೊಡ್ಡಕ್ಕ. "ನೀನು ಎತ್ತಿದ್ದೋ, ಅವ್ನು ಎತ್ತಿಸಿದ್ದೋ?"

ಯಾರಾದರೂ ತೆಲುಗಿನಲ್ಲಿ ಶುರುಮಾಡುತ್ತಾರೇನೋ ಎಂದು ಲಕ್ಷ್ಮಿದೇವಿ ಎಡಕ್ಕೂ ಬಲಕ್ಕೂ ನೋಡಿದಳು. ಇಬ್ಬರೂ ಅವಳನ್ನೇ ನೋಡುತ್ತಿದ್ದರು. "ಗೊತ್ತಿಲ್ಲ" ಎಂದಳು. ಆಮೇಲೆ ಅಭ್ಯಾಸಬಲದಿಂದ ಇಬ್ಬರಿಗೂ ಅದನ್ನೇ ತೆಲುಗಿನಲ್ಲಿ ಹೇಳಿದಳು.

ಮನೆಗೆ ಬಂದ ಮೇಲೂ ಕೈ ಎತ್ತಿದ ಆ ದಿನವನ್ನೇ ನೆನೆದಳು. ಪಾಸ್ಟರ್ ಕೈ ಎತ್ತಿ ತೋರಿಸಿದಾಗ ಪದ್ಧತಿಯಂತೆ ಅವಳೂ ಎತ್ತಿದ್ದಳು. ಪಾಸ್ಟರ್ ಇಳಿಸಿದರು. ಅವಳ ಕೈ ಮೇಲೆಯೇ ಉಳಿಯಿತು. ಇದನ್ನು ಅವಳು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಅಂದು ಗಂಡನಿಗೆ ಹೇಳಿದಳು.

"ಇಳಿಸ್ಲಿಲ್ವೋ, ಇಳೀಲಿಲ್ವೋ?" ಎಂದು ಅವನು ಕೇಳಿದ.

"ಅದೇ ತಿಳೀವಲ್ದು."

ಚಿಕ್ಕತಿಮ್ಮಯ್ಯ ಸೊಪ್ಪು ಕತ್ತರಿಸುವುದನ್ನು ನಿಲ್ಲಿಸಿದ. "ನೀನು ಹೇಳಿದ ಮಾತ್ನೆಲ್ಲ ನಾನೂ ಹೇಳಿವ್ನಿ. ನಿನಗಿಂತ ಚೆನ್ನಾಗೇ ಬತ್ತೈತೆ. ನಿನಗಾದಂಗೆ ನನಗ್ಯಾಕೆ ಆಗ್ಲಿಲ್ಲ?"

ಅವನ ದನಿಯಲ್ಲಿ ದೂರು ಇರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ್ದ. ಆ ವಾರ ಇಬ್ಬರು ಬೋಧಕರನ್ನೂ ಬೇರೆ ಬೇರೆಯಾಗಿ ಕಂಡು ಅದನ್ನೇ ಕೇಳಿದಳು.

ಯುವರಾಜ್ ತಮಗೆ ಬರುವ ಕನ್ನಡದಲ್ಲಿ ಹೇಳಿದರು. "ಬಾಗಿಲು ತೆಗೆದಿದೆ ಅಕ್ಕ. ಅಣ್ಣ ಒಳಗೆ ಬರಬೇಕು, ಅಷ್ಟೆ. ಇಷ್ಟು ವರ್ಷ ಕೇಳಿಯೂ ಬರಲಿಲ್ಲ ಅಂದ್ರೆ ಅವರೇ ಬೇಡ ಅಂತ ಇದ್ದಾರೆ."

"ಬ್ಯಾಡ ಅಂದಿಲ್ಲ ಪಾಸ್ಟರ್. ತನಗೆ ನಂಬ್ಕೆ ಬರ್ಲಿಲ್ಲ ಅಂತವ್ರೆ."

ಯುವರಾಜ್ ಪ್ರಾರ್ಥನೆ ಮಾಡೋಣ ಎಂದರು.

ಕಿರಣ್ ಕುಮಾರ್ ಬಸ್ಸಿಗೆ ಕಾಯುತ್ತಿದ್ದಾಗ ಸಿಕ್ಕರು. "ಅದು ನನ್ನ ಕೈಯಾಗ ಇಲ್ರಿ, ಅಕ್ಕಾರ. ಆರಿಸಿಕೊಂಡಿದ್ರ ಇವತ್ತಲ್ಲ ನಾಳೆ ಬಂದ ಬರ್ತಾರ. ಇಲ್ಲಾಂದ್ರ ನೀವು ಎಷ್ಟು ಅತ್ತರೂ..." ಎಂದವರು ಅವಳ ಮುಖ ನೋಡಿ ಮಾತು ನಿಲ್ಲಿಸಿದರು. "ಯಾಕ ಅಂತ ಕೇಳಬ್ಯಾಡ್ರಿ. ಅದು ನನಗೂ ತಿಳಿದಿಲ್ಲ."

ಎರಡನ್ನೂ ಅವಳು ಗಂಡನಿಗೆ ಇದ್ದದ್ದು ಇದ್ದಂತೆ ಹೇಳಿದಳು. "ಒಬ್ರು ನಾನು ಒಲ್ಲೆ ಅಂದೆ ಅಂತಾರೆ, ಇನ್ನೊಬ್ರು ದೇವ್ರೇ ಒಲ್ಲೆ ಅಂದಿರ್ಬೌದು ಅಂತಾರೆ" ಎಂದ ಅವನು. "ನಾನಂತೂ ಅಂದಿಲ್ಲ ಕಣೆ. ಅವ್ನು ಅಂದ್ನೋ ಏನೋ." ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹುಳುಮನೆಗೆ ಹೋದ. ಅವಳು ಅಲ್ಲೇ ಕೂತು ಅತ್ತಳು. ಅಳುವುದು ಯಾರ ಮೇಲಿನ ಕೋಪಕ್ಕೆ ಎಂಬುದೂ ಅವಳಿಗೆ ಗೊತ್ತಾಗಲಿಲ್ಲ.

ಸಭೆ ಎರಡಾಯಿತು. ಹದಿನಾಲ್ಕು ಮನೆಯವರು ಕಿರಣ್ ಕುಮಾರ್ ಜೊತೆ ಹೋಗಿ ಊರಾಚೆಯ ಒಂದು ಖಾಲಿ ಶೆಡ್ಡಿನಲ್ಲಿ ಕೂಡುತ್ತಾರೆ. ದೊಡ್ಡಕ್ಕ ಹಳೆಯ ಮಂದಿರದಲ್ಲೇ ಉಳಿದಳು. ಲಕ್ಷ್ಮಿದೇವಿ ನಾಲ್ಕು ವಾರ ಎಲ್ಲಿಗೂ ಹೋಗಲಿಲ್ಲ. ಎರಡೂ ಕಡೆಯವರು ಮನೆಗೆ ಬಂದು ಕರೆದರು. ನನ್ನ ಸಂಗತಿ ಎತ್ತದಿದ್ದರೆ ಬರುತ್ತೇನೆ ಎಂದಳು, ಇಬ್ಬರೂ ಒಪ್ಪಿದರು. ಈಗ ಬೆಳಿಗ್ಗೆ ಮಂದಿರದಲ್ಲಿ, ಮಧ್ಯಾಹ್ನ ಶೆಡ್ಡಿನಲ್ಲಿ ಮಾತು ತಿರುಗಿಸುತ್ತಾಳೆ. ಬೆಳಿಗ್ಗೆ ಹೇಳುವಾಗ ಅದು ನಿಜವೆನ್ನಿಸುತ್ತದೆ, ಮಧ್ಯಾಹ್ನ ಇದು. ಗಂಡನಿಗಾಗಿ ಪ್ರಾರ್ಥಿಸುವಾಗ 'ಅವನು ಮನಸ್ಸು ಮಾಡಲಿ' ಎನ್ನಬೇಕೋ 'ನೀನು ಅವನ ಮನಸ್ಸು ತಿರುಗಿಸು' ಎನ್ನಬೇಕೋ ತಿಳಿಯದೆ ಬಹಳ ದಿನ ಬರೀ ಹೆಸರು ಹೇಳಿ ಬಿಟ್ಟುಬಿಡುತ್ತಿದ್ದಳು.

ಕಳೆದ ತಿಂಗಳು ಹುಳು ಗೂಡು ಕಟ್ಟುವ ವಾರ. ಬೆಳಿಗ್ಗೆಯಿಂದ ಇಬ್ಬರಿಗೂ ಪುರಸೊತ್ತಿರಲಿಲ್ಲ. ಮಧ್ಯಾಹ್ನ ಮುದ್ದೆ ಬಡಿಸಿ, ಹಸಿವಿನಲ್ಲಿ ತಟ್ಟೆಗೆ ಕೈ ಹಾಕಿದಳು.

"ಹೇಳಲ್ವಾ?" ಎಂದ ಚಿಕ್ಕತಿಮ್ಮಯ್ಯ. ಅವನು ಕೈ ಕಟ್ಟಿ ಕೂತಿದ್ದ.

ಊಟದ ಪ್ರಾರ್ಥನೆ ಹೇಳುತ್ತಿದ್ದವಳು ಅವಳೊಬ್ಬಳೇ. ಅದು ಮುಗಿಯುವವರೆಗೆ ಅವನು ಸುಮ್ಮನೆ ಕಾಯುತ್ತಿದ್ದ. ಅವಳು ಹೇಳಿದಳು. ಮುಗಿದ ಮೇಲೆ ಅವನ ತುಟಿ ಅಲುಗಿದಂತೆ ಕಂಡಿತು. ಯಾಕೆ ನೆನಪು ಮಾಡಿದೆ ಎಂದು ಕೇಳಲು ಬಾಯಿ ತೆರೆದಳು. ಕೇಳಿದರೆ ಅವನು ಕಾರಣ ಹುಡುಕಿ ಹೇಳುತ್ತಾನೆ, ಆಮೇಲೆ ಅದೇ ನಿಜವಾಗಿಬಿಡುತ್ತದೆ ಎನ್ನಿಸಿತು. ಕೇಳಲಿಲ್ಲ. ಅವನ ತಟ್ಟೆಗೆ ಸಾರು ಹಾಕಿದಳು.